ಫೈಕಸ್ ಬೋನ್ಸಾಯ್: ಮೊದಲು ಕತ್ತರಿಯೋ, ತಂತಿಯೋ?

ತಾರಸಿ_ಹಸಿರು:
ಊರು ಮೈಸೂರು, ತಾರಸಿಯಲ್ಲಿ ಮಧ್ಯಾಹ್ನ ಎರಡರವರೆಗೆ ಬಿಸಿಲು. ಗಿಡ ಫೈಕಸ್ ಮೈಕ್ರೊಕಾರ್ಪ (ಆಲದ ಕುಲದ್ದೇ), 8 ಇಂಚಿನ ಪ್ಲಾಸ್ಟಿಕ್ ಕುಂಡ. ಎತ್ತರ 45 ಸೆಂ.ಮೀ., ಬುಡದಲ್ಲಿ ಕಾಂಡ 2 ಸೆಂ.ಮೀ. ದಪ್ಪ. ಏಳು ಕೊಂಬೆ ಇವೆ, ಎಲ್ಲವೂ ಮೇಲಕ್ಕೇ ಹೋಗಿವೆ. ಎಲೆಯೆಲ್ಲ ತುದಿಯಲ್ಲಿ, ಒಳಗೆ ಬೋಳು. 25 ಸೆಂ.ಮೀ. ಒಳಗೆ ಒತ್ತಾದ ಮರ ಆಗಬೇಕು. 1 ಮಿ.ಮೀ. ಅಲ್ಯೂಮಿನಿಯಂ ತಂತಿ ಸುತ್ತಿ ಎರಡು ಕೊಂಬೆ ಬಗ್ಗಿಸಿದೆ, ಕೈ ಬಿಟ್ಟ ತಕ್ಷಣ ಮತ್ತೆ ಎದ್ದು ನಿಂತವು. ಈಗ ಮಾರ್ಚ್. ಕತ್ತರಿಸೋದು ಮೊದಲೋ, ತಂತಿ ಮೊದಲೋ? ಚಿಕ್ಕ ಬೋನ್ಸಾಯ್ ಟ್ರೇಗೂ ಈಗಲೇ ಹಾಕಿಬಿಡಲೇ?

ಬೇರು_ಬಿಳಲು:
ಟ್ರೇ ಈಗ ಬೇಡವೇ ಬೇಡ. ಬುಡದ ದಪ್ಪದ ಆರು ಪಟ್ಟು ಎತ್ತರ ಅನ್ನೋದು ಸಾಮಾನ್ಯ ಲೆಕ್ಕ. 25 ಸೆಂ.ಮೀ. ಮರಕ್ಕೆ ಬುಡ 4 ಸೆಂ.ಮೀ. ಆದರೂ ಇರಬೇಕು. ಟ್ರೇಗೆ ಇಳಿಸಿದ ಮೇಲೆ ಕಾಂಡ ದಪ್ಪಗಾಗೋದು ಬಹಳ ನಿಧಾನ. ಅದೂ ಅಲ್ಲದೆ ಬೇರು ಕತ್ತರಿಸೋದು, ಕೊಂಬೆ ಕತ್ತರಿಸೋದು, ತಂತಿ, ಮೂರನ್ನೂ ಒಟ್ಟಿಗೆ ಮಾಡಿದರೆ ಎಳೆ ಗಿಡ ಸೊರಗುತ್ತೆ.

ಮೊದಲು ಕತ್ತರಿ. ನೆಲದಿಂದ 10–12 ಸೆಂ.ಮೀ. ಎತ್ತರದಲ್ಲಿ ಒಂದು ಒಳ್ಳೆ ಕೊಂಬೆ ಹುಡುಕಿ, ಅದರ ಸ್ವಲ್ಪ ಮೇಲೆ ಕಾಂಡವನ್ನು ಓರೆಯಾಗಿ ಕತ್ತರಿಸಿ. ಆ ಕೊಂಬೆಯನ್ನೇ ತಂತಿಯಿಂದ ನೆಟ್ಟಗೆ ಎತ್ತಿದರೆ ಅದೇ ಮುಂದಿನ ತುದಿ. ಕಾಂಡ ಬುಡದಲ್ಲಿ ದಪ್ಪ, ಮೇಲೆ ಸಣ್ಣ ಆಗಿ ಬರೋದು ಹೀಗೇ. ತುದಿ ಹೋದರೆ ಬೋಳಾದ ಭಾಗದಲ್ಲೂ ಮೊಗ್ಗು ಒಡೆಯುತ್ತೆ, ಫೈಕಸ್ ಹಳೇ ತೊಗಟೆಯಿಂದಲೂ ಚಿಗುರೋ ಜಾತಿ. ಒಂದೇ ಮಟ್ಟದಲ್ಲಿ ಎದುರುಬದುರು ಎರಡು ಕೊಂಬೆ ಇದ್ದರೆ ಒಂದನ್ನು ತೆಗೆಯಿರಿ, ಇಲ್ಲವಾದರೆ ಆ ಜಾಗದಲ್ಲಿ ಕಾಂಡ ಗಂಟು ಕಟ್ಟುತ್ತೆ.

ಕೆಳಗಿನ ಒಂದು ಕೊಂಬೆಯನ್ನು, ಹಿಂಭಾಗದ್ದಾದರೆ ಉತ್ತಮ, ಮುಟ್ಟದೆ ಉದ್ದಕ್ಕೆ ಬಿಡಿ. ಬುಡ ದಪ್ಪ ಮಾಡೋದು ಅದೇ. ಕೆಲಸ ಮುಗಿದ ಮೇಲೆ ಕಡಿದು ಹಾಕಬೇಕಾದ ಬಲಿಕೊಂಬೆ, ಅದರ ಅಂದ ನೋಡಬೇಡಿ.

ತಂತಿಗಂಟು:
1 ಮಿ.ಮೀ. ತಂತಿ ಎಳೆ ಕಡ್ಡಿಗೆ ಮಾತ್ರ. ಕೊಂಬೆಯ ದಪ್ಪದಲ್ಲಿ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ: 5–6 ಮಿ.ಮೀ. ಕೊಂಬೆಗೆ 2 ಮಿ.ಮೀ. ತಂತಿಯ ಉದ್ದ ಕೊಂಬೆಯ ಉದ್ದದ ಒಂದೂವರೆ ಪಟ್ಟು.

ನಿಮ್ಮ ಕೊಂಬೆ ಎದ್ದು ನಿಲ್ಲೋಕೆ ಇನ್ನೊಂದು ಕಾರಣ ಇರಬಹುದು, ತಂತಿಗೆ ಬುಡದಲ್ಲಿ ಹಿಡಿತ ಇಲ್ಲದಿರೋದು. ಹತ್ತಿರದ ಎರಡು ಕೊಂಬೆಗೆ ಒಂದೇ ತಂತಿ ತಗೊಳ್ಳಿ. ನಡುವಿನ ಕಾಂಡಕ್ಕೆ ಒಂದೂವರೆ ಸುತ್ತು ಹಾಕಿ, ಆಮೇಲೆ ಒಂದೊಂದು ತುದಿಯನ್ನು ಒಂದೊಂದು ಕೊಂಬೆಗೆ ಬುಡದಿಂದ ಹೊರಕ್ಕೆ 45 ಡಿಗ್ರಿ ಓರೆಯಲ್ಲಿ ಸುತ್ತಿ. ಕೊಂಬೆ ಕೆಳಕ್ಕೆ ಇಳಿಯಬೇಕಾದರೆ ಮೊದಲ ಸುತ್ತು ಕೊಂಬೆಯ ಮೇಲಿಂದ ಬರಬೇಕು, ಕೆಳಗಿನಿಂದ ಬಂದರೆ ಸಂದಿಯಲ್ಲೇ ಸೀಳುತ್ತೆ. ಬಾಗಿನ ಹೊರಮೈಯಲ್ಲಿ ಯಾವಾಗಲೂ ತಂತಿ ಇರಲಿ. ಎಲೆ ತಂತಿಯಡಿ ಸಿಕ್ಕಬಾರದು.

ಹಿಂದಿನ ದಿನ ನೀರು ಕಡಿಮೆ ಮಾಡಿದರೆ ಕೊಂಬೆ ಮೆದುವಾಗಿ ಬಾಗುತ್ತೆ. ಎರಡೂ ಹೆಬ್ಬೆರಳು ಬಾಗಿನ ಒಳಗಡೆ ಒತ್ತಿ, ನಿಧಾನಕ್ಕೆ. ಚಟ್ ಅಂದರೆ ನಿಲ್ಲಿಸಿ. ಅರ್ಧ ಸೀಳಿದ್ದನ್ನು ಹಾಗೇ ಕೂಡಿಸಿ ರಾಫಿಯಾ (ತಾಳೆ ಜಾತಿಯ ನಾರು) ಕಟ್ಟಿದರೆ ಫೈಕಸ್‌ನಲ್ಲಿ ಸಾಮಾನ್ಯವಾಗಿ ಕೂಡಿಕೊಳ್ಳುತ್ತೆ.

ಮೂರನೇ ವಾರದಿಂದ ತಂತಿ ನೋಡ್ತಾ ಇರಿ, ಬೇಸಿಗೆಯಲ್ಲಿ ಫೈಕಸ್ ಬೇಗ ಊದುತ್ತೆ. ತೊಗಟೆಗೆ ಒತ್ತೋಕೆ ಶುರುವಾದರೆ ಕಟರ್‌ನಲ್ಲಿ ತುಂಡು ತುಂಡಾಗಿ ತೆಗೆಯಿರಿ. ಉಳಿಸೋ ಆಸೆಗೆ ಬಿಚ್ಚಲು ಹೋದರೆ ಚಿಗುರು ಮುರಿಯುತ್ತೆ. ಕೊಂಬೆ ಸ್ವಲ್ಪ ಎದ್ದರೆ ಬೇರೆ ಜಾಗದಲ್ಲಿ ಮತ್ತೆ ಸುತ್ತಿ.

ಕತ್ತರಿ_ಮಾತ್ರ:
ನನ್ನ ಮಟ್ಟಿಗೆ ತಂತಿ ಇಲ್ಲಿ ಎರಡು ಮೂರು ಕೊಂಬೆಯ ದಿಕ್ಕು ತಿದ್ದೋಕೆ ಸಾಕು. ಒತ್ತಾಗಿ ಬರೋದು ಕತ್ತರಿಯಿಂದಲೇ. ಚೀನಾದ ಲಿಂಗ್ನಾನ್ ಶೈಲಿಯಲ್ಲಿ ಬೆಳೆಸು, ಕಡಿ, ಮತ್ತೆ ಬೆಳೆಸು, ಇದೇ ವಿಧಾನ. ಕೊಂಬೆ 6–8 ಎಲೆ ಬಿಡಲಿ, ಆಮೇಲೆ 2ಕ್ಕೆ ಇಳಿಸಿ. ಉಳಿಯೋ ಕೊನೇ ಎಲೆ ಯಾವ ಕಡೆ ಮುಖ ಮಾಡಿದೆಯೋ ಹೊಸ ಕಡ್ಡಿ ಆ ಕಡೆಗೇ ಹೋಗುತ್ತೆ, ಹಾಗಾಗಿ ಹೊರಮುಖದ ಎಲೆ ನೋಡಿ ಕತ್ತರಿಸಿ. ಎಲ್ಲರೂ ಎಡವೋದು ಎಲ್ಲಿ ಅಂದರೆ, ಕೊಂಬೆ ಬೇಕಾದಷ್ಟು ದಪ್ಪ ಆಗೋ ಮೊದಲೇ ವಾರವಾರ ತುದಿ ಚಿವುಟೋದು. ಆಗ ಕೊಂಬೆ ಕಡ್ಡಿಯಾಗೇ ಉಳಿಯುತ್ತೆ.

ಮೇಲಿನ ಕೊಂಬೆಗೆ ಬಲ ಜಾಸ್ತಿ, ಅಲ್ಲಿ ಗಟ್ಟಿಯಾಗಿ ಕತ್ತರಿಸಿ. ಕೆಳಗಿನ ಬಡವ ಕೊಂಬೆಯನ್ನು ಬೆಳೆಯೋಕೆ ಬಿಡಿ, ಅದರ ಎಲೆ ಪೂರ್ತಿ ತೆಗೆದರೆ ಅದು ಒಣಗಿಹೋಗಬಹುದು.

ತಾರಸಿ_ಹಸಿರು:
ಕತ್ತರಿಸಿದಲ್ಲಿ ಹಾಲು ಸುರಿಯುತ್ತಲ್ಲ, ಏನಾದರೂ ಹಚ್ಚಬೇಕಾ?

ಬೇರು_ಬಿಳಲು:
ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತೆ. ಕೈಗೆ ಗ್ಲೌಸ್ ಇರಲಿ, ಕೆಲವರಿಗೆ ಆ ಹಾಲಿಗೆ ಚರ್ಮ ಕೆರೆಯುತ್ತೆ. ಸಣ್ಣ ಗಾಯಕ್ಕೆ ಏನೂ ಬೇಡ, ಕಾಂಡ ಕತ್ತರಿಸಿದ ಜಾಗಕ್ಕೆ ಮಾತ್ರ ಕಟ್ ಪೇಸ್ಟ್ (ಗಾಯ ಮುಚ್ಚೋ ಲೇಪ) ಹಚ್ಚಿ. ಎಲೆ ಕಡಿಮೆಯಾದಾಗ ಗಿಡ ನೀರನ್ನೂ ಕಡಿಮೆ ಕುಡಿಯುತ್ತೆ. ಮೇಲ್ಮಣ್ಣು ಒಣಗಿದ ಮೇಲೇ ನೀರು, ಚಿಗುರು ಬರೋವರೆಗೆ ಗೊಬ್ಬರ ಬೇಡ.

ಚಿಗುರು ಬಂದಾಗ ಎಲೆ ಮಡಚಿ ದೋಣಿಯ ಹಾಗಾದರೆ ಅದು ಥ್ರಿಪ್ಸ್. ಬಿಡಿಸಿ ನೋಡಿ, ಒಳಗೆ ಕಪ್ಪು ಸಣ್ಣ ಹುಳ ಓಡಾಡ್ತಾ ಇರ್ತವೆ. ಅಂಥ ಎಲೆ ಕಿತ್ತು ಕವರ್‌ನಲ್ಲಿ ಕಟ್ಟಿ ಬಿಸಾಡಿ. ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಮಡಚಿಕೊಂಡ ಎಲೆಯ ಒಳಕ್ಕೆ ಸಿಂಪಡಣೆ ತಲುಪಲ್ಲ, ಕೀಳೋದೇ ಮುಖ್ಯ.