ಇನ್ವೆಂಟರಿ ಸ್ಕ್ಯಾನ್‌ನಲ್ಲಿ ಅರ್ಧ ಮಶೀನು ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಆಫೀಸಿನಲ್ಲಿ 30 ಕಂಪ್ಯೂಟರ್ ಇವೆ, ಎಲ್ಲ ವಿಂಡೋಸ್. ಸರ್ವರ್‌ನಿಂದ ಹಾರ್ಡ್‌ವೇರ್ ಇನ್ವೆಂಟರಿ ತೆಗೆದರೆ 14 ಫೇಲ್. ಬಂದಿದ್ದರಲ್ಲೂ ಎರಡು ಮಶೀನು ಸೇರಿ ಒಂದೇ ಸಾಲಾಗಿದೆ. ಆಡಿಟ್‌ಗೆ ಪಟ್ಟಿ ಕೊಡಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಸರ್, 14ಕ್ಕೂ ಒಂದೇ ಕಾಯಿಲೆ ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಮೂರು ದಿನ ಕಳೆದೆ. ಮೊದಲು ಎರರ್ ನೋಡಿ ಬೇರೆ ಮಾಡಿ. ‘ಆರ್‌ಪಿಸಿ ಸರ್ವರ್ ಅನ್‌ಅವೈಲಬಲ್’ ಅಂತಿದ್ದರೆ ಹೆಚ್ಚಾಗಿ ಸ್ಕ್ಯಾನ್ ಆ ಮಶೀನನ್ನು ಮುಟ್ಟೇ ಇಲ್ಲ. ‘ಆಕ್ಸೆಸ್ ಡಿನೈಡ್’ ಅಂತಿದ್ದರೆ ಮುಟ್ಟಿದೆ, ಒಳಗೆ ಬಿಟ್ಟಿಲ್ಲ.

ಮುಟ್ಟದಿದ್ದರೆ ಫೈರ್‌ವಾಲ್ ನೋಡಿ. ಪೋರ್ಟ್ 135 ಒಂದೇ ತೆರೆದರೆ ಸಾಲದು. ಮಾತು ಶುರುವಾಗುವುದು ಅಲ್ಲಿ, ಆಮೇಲೆ 49152ರಿಂದ 65535ರೊಳಗೆ ಯಾವುದೋ ಪೋರ್ಟಿಗೆ ಹೋಗುತ್ತದೆ. ವಿಂಡೋಸ್‌ನಲ್ಲೇ ಇರುವ ಡಬ್ಲ್ಯುಎಂಐ (ಕೇಳಿದರೆ ಮಶೀನಿನ ಮಾಹಿತಿ ಕೊಡುವ ವಿಂಡೋಸ್ ಸೇವೆ) ರೂಲ್‌ಗಳನ್ನು ಆನ್ ಮಾಡಿ, ಸರ್ವರ್ ಐಪಿಗೆ ಮಾತ್ರ. ಪಿಂಗ್ ಬಂತು ಅಂತ ಸುಮ್ನೆ ನಂಬಬೇಡಿ. ನಮ್ಮಲ್ಲಿ ಡಿಎನ್‌ಎಸ್‌ನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ವ್ಯವಸ್ಥೆ) ಹಳೇ ಎಂಟ್ರಿ ಉಳಿದಿತ್ತು. ಸ್ಟೋರ್ಸ್ ಮಶೀನಿನ ಹೆಸರಿಗೆ ಉತ್ತರ ಕೊಡುತ್ತಿದ್ದದ್ದು ರಿಸೆಪ್ಷನ್ ಮಶೀನು!

ಇನ್ನು ಆ ಒಂದೇ ಸಾಲಿನ ವಿಷಯ. ಅವೆರಡೂ ಅಸೆಂಬಲ್ ಮಾಡಿಸಿದ ಮಶೀನುಗಳು ಅಲ್ವಾ? ನಮ್ಮ ಅಕೌಂಟ್ಸ್‌ನಲ್ಲಿ ಪಕ್ಕಪಕ್ಕದಲ್ಲೇ ಎರಡಿದ್ದವು. ಪಟ್ಟಿಯಲ್ಲಿ ಒಂದೇ ಸಾಲು. ಬೆಳಿಗ್ಗೆ 8 ಜಿಬಿ ರ‍್ಯಾಮ್ ತೋರಿಸಿದರೆ ಸಂಜೆ 4 ಜಿಬಿ. ರ‍್ಯಾಮ್ ಕಳವಾಗಿದೆ ಅಂತ ಮಾತು ಎದ್ದು, ಪಾಪ, ಕ್ಲೀನಿಂಗ್ ಹುಡುಗನನ್ನು ಕರೆದು ಕೇಳಿದರು. ನನಗೆ ಅದು ಇವತ್ತಿಗೂ ಬೇಜಾರು. ಬಯಾಸ್ ಮಾಹಿತಿ ತೆಗೆದು ನೋಡಿದೆ. ಸೀರಿಯಲ್ ನಂಬರ್ ಜಾಗದಲ್ಲಿ ಎರಡರಲ್ಲೂ ‘ಟು ಬಿ ಫಿಲ್ಡ್ ಬೈ ಓಇಎಂ’. ಯುಯುಐಡಿ (ಪ್ರತಿ ಮಶೀನಿಗೂ ಬೇರೆಯೇ ಇರಬೇಕಾದ ಗುರುತಿನ ಸಂಖ್ಯೆ) ಕೂಡ ಒಂದೇ, 03000200 ಅಂತ ಶುರು. ಬೋರ್ಡ್ ಮಾಡಿದವರು ಅದನ್ನು ತುಂಬಿಸಿಯೇ ಇರಲಿಲ್ಲ. ಟೂಲ್ ಯುಯುಐಡಿ ನೋಡಿ ಗುರುತು ಹಿಡಿಯುತ್ತಿತ್ತು, ಹಾಗಾಗಿ ಎರಡನ್ನೂ ಒಂದು ಮಾಡಿತು. ಟೂಲ್ ಸೆಟ್ಟಿಂಗ್‌ನಲ್ಲಿ ಆ ಯುಯುಐಡಿ ಬಿಟ್ಟು, ಹೆಸರು ಮತ್ತು ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಇಟ್ಟ ಮೇಲೆ ಎರಡು ಸಾಲಾದವು. ಯುಎಸ್‌ಬಿ ಲ್ಯಾನ್ ಡಾಂಗಲ್ ಹಂಚಿಕೊಂಡು ಬಳಸುವ ಲ್ಯಾಪ್‌ಟಾಪ್‌ಗಳಿದ್ದರೆ ಮಾತ್ರ ಮ್ಯಾಕ್ ನಂಬಬೇಡಿ. ಅದು ಡಾಂಗಲ್ ಜೊತೆ ಓಡಾಡುತ್ತದೆ.

ಇನ್ನೊಬ್ಬರು: ‘ಆಕ್ಸೆಸ್ ಡಿನೈಡ್’ ಬಗ್ಗೆ ನನ್ನದೊಂದು ಮಾತು. ಪಾಸ್‌ವರ್ಡ್ ಸರಿ ಇದ್ದೂ ಬರುತ್ತಿದ್ದರೆ ಆ ಮಶೀನಿನ ಸಿಸ್ಟಮ್ ಲಾಗ್‌ನಲ್ಲಿ ಈವೆಂಟ್ 10036 ಹುಡುಕಿ. 2023ರ ಮಾರ್ಚ್ ಅಪ್‌ಡೇಟ್‌ನಿಂದ ವಿಂಡೋಸ್ ಡಿಕಾಮ್ (ಬೇರೆ ಮಶೀನಿನ ಪ್ರೋಗ್ರಾಂ ಜೊತೆ ಮಾತಾಡುವ ವ್ಯವಸ್ಥೆ) ಭದ್ರತೆಯನ್ನು ಕಡ್ಡಾಯ ಮಾಡಿದೆ. ಹಳೇ ಸ್ಕ್ಯಾನ್ ಟೂಲ್ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನಾವು ಟೂಲ್‌ನ ಹೊಸ ವರ್ಷನ್ ಹಾಕಿದ ದಿನವೇ ಸರಿಹೋಯಿತು.

ಯಾವುದೂ ಹೊಂದದಿದ್ದರೆ ಆ ಮಶೀನಿನ ಮುಂದೆಯೇ ಕೂತು ಡಬ್ಲ್ಯುಎಂಐ ಕೇಳಿ ನೋಡಿ. ಅಲ್ಲೇ ಉತ್ತರ ಬರದಿದ್ದರೆ ನೆಟ್‌ವರ್ಕ್ ತಪ್ಪಲ್ಲ. ಡಬ್ಲ್ಯುಎಂಐ ರೆಪಾಸಿಟರಿ (ಅದರ ಮಾಹಿತಿ ಭಂಡಾರ) ವೆರಿಫೈ ಮಾಡಿ, ಕೆಟ್ಟಿದ್ದರೆ ಸಾಲ್ವೇಜ್ (ರಿಪೇರಿ) ಮಾಡಿ. ರಿಸೆಟ್ ಮಾತ್ರ ಕೊನೆಗೆ. ಬೇರೆ ಸಾಫ್ಟ್‌ವೇರ್‌ಗಳು ಅದರಲ್ಲಿ ಸೇರಿಸಿದ್ದು ಹೋಗಿಬಿಡಬಹುದು.