ಪದಚರ್ಚೆ: ‘ರೀಪು’ ಎಂದು ಬರೆಯಬಹುದೆ? ನಾಳೆ ಬೆಳಿಗ್ಗೆಯೊಳಗೆ ಬೋರ್ಡಿಗೆ ಬೇಕು

ಸಾಗರದಿಂದ

ಮಾನ್ಯರೆ, ಊರವರೇ ಸೇರಿ ನಡೆಸುವ ಮರಗೆಲಸ ಮತ್ತು ಸೈಕಲ್ ರಿಪೇರಿ ಕಮ್ಮಟಕ್ಕೆ ಹಂಚಿನ ಮಾಡು (ಚಾವಣಿ) ಹೊದೆಸಬೇಕಿದೆ. ಉದ್ದ 30 ಅಡಿ, ಎರಡೂ ಕಡೆಯ ಇಳಿಜಾರು 12 ಅಡಿ. ಹಳೆ ಮನೆ ಕಳಚುವವರು ಕೊಟ್ಟಷ್ಟು ತರುವುದು, ಕಡಿಮೆ ಬಿದ್ದದ್ದನ್ನು ಕೊಳ್ಳುವುದು. ಏನೇನು ಬೇಕೆಂದು ರಸ್ತೆ ಬದಿಗೆ ಬೋರ್ಡು ಹಾಕುತ್ತಿದ್ದೇವೆ. ಬರೆಯುವವರು ನಾಳೆ ಬರುತ್ತಾರೆ. ಮೂರು ಪದ ಬೇಕು.

1. ಪಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ) ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ 2×1 ಇಂಚಿನ ಪಟ್ಟಿ. ಇಲ್ಲಿ ರೀಪು ಅನ್ನುತ್ತೇವೆ. ಬರೆಯಬಹುದೆ?
2. ಮಾಡಿನ ನೆತ್ತಿಗೆ ಕವುಚುವ ಹಂಚು.
3. ಮಾಡು ಗೋಡೆಗೆ ತಾಗುವಲ್ಲಿ ನೀರಿಳಿಯದಂತೆ ಹಾಕುವ ತಗಡು. ‘ಫ್ಲಾಶಿಂಗ್’ ಬಿಟ್ಟು ಬೇರೆ ಇದೆಯೆ?

ಮೈಸೂರಿನಿಂದ

ರೀಪು ಎಂದರೆ ಇಂಗ್ಲಿಶಿನ ರೀಪರ್ ಬಾಲ ಕಳೆದುಕೊಂಡದ್ದು. ಬೋರ್ಡಿನ ಮೇಲೆ ಬೇಡ. ‘ದಬ್ಬೆ’ ಎಂಬ ಅಚ್ಚಗನ್ನಡ ಪದ ಇರುವಾಗ ಸಾಲಕ್ಕೆ ಏಕೆ ಹೋಗಬೇಕು? ಪಕಾಸಿನ ಬಗ್ಗೆ ಚಿಂತೆ ಬೇಡ, ಅದು ನಮ್ಮದೇ: ಪಕ್ಕ + ಪಾಸು, ಪಕ್ಕಕ್ಕೆ ಹಾಸಿದ್ದು. ಪಕಾರ ಲೋಪವಾಗಿ ಪಕ್ಕಾಸು, ಆಡುಮಾತಿನಲ್ಲಿ ಪಕಾಸು. ಮೂರನೆಯದಕ್ಕೆ ‘ನೀರ್ದಡೆ’ ಎನ್ನಿ.

ತೀರ್ಥಹಳ್ಳಿಯಿಂದ

ದಬ್ಬೆ ಎಂದು ಬರೆಸಿದರೆ ಜನ ಅಡಿಕೆ ದಬ್ಬೆ ತಂದು ಸುರಿಯುತ್ತಾರೆ. ಅದು ಮರವನ್ನು ಸೀಳಿದ್ದು, ಕೊಯ್ದದ್ದಲ್ಲ. ಒಂದು ಮೈ ಉಬ್ಬು, ಒಂದು ಮೈ ತಗ್ಗು, ಒಣಗಿದಂತೆ ಸೊಟ್ಟಗಾಗುತ್ತದೆ. ಚಪ್ಪರಕ್ಕೆ, ಸೋಗೆ ಮಾಡಿಗೆ ಸರಿ. ಮಂಗಳೂರು ಹಂಚಿನ ಕೆಳಮೈಯಲ್ಲಿರುವ ಮೂಗು ಕಚ್ಚಿಕೊಳ್ಳುವುದಕ್ಕೆ ನೆಟ್ಟಗಿನ ಚೌಕ ಅಂಚು ಬೇಕು. ದಬ್ಬೆಯ ಮೇಲೆ ಅದು ಜಾರುತ್ತದೆ. ಬೇರೆ ಸಾಮಾನಿಗೆ ಬೇರೆ ಹೆಸರು ಇದೆ, ಅದನ್ನು ಎಳೆದು ತಂದು ಇಲ್ಲಿಗೆ ಅಂಟಿಸಬೇಡಿ.

ಇನ್ನು ‘ಪಕ್ಕಕ್ಕೆ ಹಾಸಿದ್ದು’. ಪಕಾಸು ನೆತ್ತಿಯಿಂದ ಸೂರಿಗೆ ಇಳಿಯುತ್ತದೆ. ಪಕ್ಕಕ್ಕೆ ಹಾಸುವುದು ರೀಪು! ನಿಮ್ಮ ವ್ಯುತ್ಪತ್ತಿ ಸರಿಯಾದರೆ ಊರಿನ ಬಡಗಿಗಳೆಲ್ಲ ಹೆಸರು ಅದಲುಬದಲು ಮಾಡಿಕೊಂಡಿದ್ದಾರೆ ಎಂದಾಯಿತು.

ಧಾರವಾಡದಿಂದ

ನಮ್ಮ ಕಡೆ ಜಂತಿ ಅಂತೀವ್ರಿ. ಹಳೇ ಪದ ಅದ. ಅದನ್ನ ಬರೀರಿ, ಎಲ್ಲಾರಿಗೂ ತಿಳೀತದ. ಮತ್ತ ಬರೇ ‘ಹಂಚು ಬೇಕಾಗಿದೆ’ ಅಂತ ಬರದರ ನಮ್ಮ ಕಡೆಯಿಂದ ಬಂದಾವ್ರು ರೊಟ್ಟಿ ಹಂಚು ಕೊಟ್ಟು ಹೋದಾರು, ನೋಡ್ಕೋರಿ.

ತೀರ್ಥಹಳ್ಳಿಯಿಂದ

ಜಂತಿ ಮಣ್ಣಿನ ಮಾಳಿಗೆಯದು, ಭಾರ ಹೊರುವ ದಪ್ಪ ಮರ. ಇದು 2×1. ಜಂತಿ ಎಂದು ಹೇಳಿ 2×1 ಕೇಳಿದರೆ ಮಿಲ್ಲಿನವರು ನಗುತ್ತಾರೆ.

ಮಂಗಳೂರಿನಿಂದ

ರೀಪು ಇಂಗ್ಲಿಶಿನದೆಂದು ಇಷ್ಟು ಖಚಿತವಾಗಿ ಹೇಳುವ ಮೊದಲು ಇಂಗ್ಲಿಶರು ಏನು ಹೇಳುತ್ತಾರೆಂದು ನೋಡಬಹುದಿತ್ತು. 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ‘ರೀಪರ್’ ಇದೆ. ಅಲ್ಲಿ ಅದು ಭಾರತದಲ್ಲಿದ್ದ ಇಂಗ್ಲಿಶರ ಮನೆಕಟ್ಟುವ ಮಾತು. ಹಿಂದಿಯಲ್ಲಿ ಸಿಗದೆ, ಮರಾಠಿಯ ‘ರೀಪ್’ ಕಡೆಗೆ ಅವರು ಬೆರಳು ತೋರಿಸುತ್ತಾರೆ. ಪೋರ್ಚುಗೀಸಿನಲ್ಲಿ ‘ರಿಪ’ ಎಂದರೆ ಇದೇ ತೆಳು ಮರದ ಪಟ್ಟಿ. ಚಾವಿ, ಅಲಮಾರು, ಪಾದ್ರಿ ಬಂದ ಹಾದಿಯಲ್ಲೇ ಇದೂ ಬಂದಿದೆ. ಇಂಗ್ಲಿಶರೇ ಇಲ್ಲಿಂದ ಎತ್ತಿಕೊಂಡ ಪದವನ್ನು ಅವರಿಗೆ ವಾಪಸು ಕೊಡಲು ಹೊರಟಿದ್ದೀರಿ.

‘ರೀಪರ್’ ಬೇಡ ಎಂಬಲ್ಲಿ ಮಾತ್ರ ಮೈಸೂರಿನವರ ಜೊತೆ ಇದ್ದೇನೆ. ‘ರೀಪು’ ಸಾಕು, ರೀಪಿಗೆ, ರೀಪಿನ ಎಂದು ವಿಭಕ್ತಿಯೂ ಚೆನ್ನಾಗಿ ಹತ್ತುತ್ತದೆ.

ಮೈಸೂರಿನಿಂದ

ಪೋರ್ಚುಗೀಸ್ ಆದರೇನು, ಇಂಗ್ಲಿಶ್ ಆದರೇನು, ಸಾಲ ಸಾಲವೇ. ನಾಲ್ಕು ನೂರು ವರ್ಷ ತೀರಿಸದ ಸಾಲ ಸ್ವಂತ ಆಸ್ತಿಯಾಗುವುದಿಲ್ಲ. ಪಕಾಸಿನ ವಿಷಯದಲ್ಲಿ ‘ಪಕ್ಕ’ ಎಂದರೆ ಮಾಡಿನ ಪಕ್ಕ, ಅಂದರೆ ಇಳಿಜಾರಿನ ಮೈ. ಅದರ ಮೇಲೆ ಹಾಸಿದ್ದು ಪಕ್ಕಾಸು. ಮತ್ತೊಮ್ಮೆ ಯೋಚಿಸಿ.

ಮಂಗಳೂರಿನಿಂದ

ಯೋಚಿಸಿದೆ. ಇಲ್ಲ.

ಸಾಲದ ಲೆಕ್ಕ ತೆಗೆಯುವುದಾದರೆ ‘ಕಾಗದ’, ‘ಜಮೀನು’, ‘ರೈತ’ ಮೊದಲು ವಾಪಸು ಕಳಿಸಿ, ಆಮೇಲೆ ರೀಪು ಕಳಚೋಣ. ಹಂಚಿನ ಹೆಸರಿನಲ್ಲಿ ‘ಮಂಗಳೂರು’ ಇದ್ದರೂ 1865ರಲ್ಲಿ ಇಲ್ಲಿ ಕಾರ್ಖಾನೆ ಹಾಕಿದ್ದು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್. ಪದದ ಶುದ್ಧಿ ನೋಡಲು ನಾವೆಲ್ಲ ಬಿಡಿಸುವ ಕಿಟ್ಟೆಲ್ ನಿಘಂಟನ್ನು 1894ರಲ್ಲಿ ಹೊರತಂದದ್ದೂ ಅದೇ ಮಿಶನ್. ಹಂಚು ಒಪ್ಪಿಗೆ, ನಿಘಂಟು ಒಪ್ಪಿಗೆ, ನಡುವೆ ಸಿಕ್ಕಿದ ರೀಪು ಮಾತ್ರ ಮೈಲಿಗೆಯೆ?

ತೀರ್ಥಹಳ್ಳಿಯಿಂದ

ಸಾಗರದವರಿಗೆ ನಾಳೆ ಬೋರ್ಡು ಬೇಕು. ನೆತ್ತಿಯ ಹಂಚಿಗೆ ತಾಲೂಕಿಗೊಂದು ಹೆಸರಿದೆ. ‘ನೆತ್ತಿಗೆ ಕವುಚುವ ಹಂಚು’ ಎಂದೇ ಬರೆಸಿ, ಪಕ್ಕದಲ್ಲಿ ಚಿತ್ರ ಹಾಕಿಸಿ. ತಗಡಿಗೂ ಅಷ್ಟೆ, ‘ಗೋಡೆ ಸಂದಿನ ತಗಡು’ ಸಾಕು. ನೀರ್ದಡೆ ಎಂದರೆ ಯಾರಾದರೂ ಕಾಲುವೆಗೆ ಹಲಗೆ ತಂದಾರು. ಗೋಡೆಯ ಮೇಲೆ 6 ಇಂಚು ಏರಬೇಕು, ಮೇಲಂಚು ಗೋಡೆಯಲ್ಲಿ ಕೊರೆದ 1 ಇಂಚು ಗಾಡಿಯೊಳಗೆ (ತೋಡಿನೊಳಗೆ) ಮಡಚಿ ಗಾರೆಯಲ್ಲಿ ಕೂರಬೇಕು, ಇತ್ತ ಹಂಚಿನ ಒಂದು ಉಬ್ಬನ್ನಾದರೂ ದಾಟಬೇಕು. 12 ಇಂಚಿಗಿಂತ ಕಿರಿದಾದ ತಗಡಿನಿಂದ ಇದು ಆಗುವುದಿಲ್ಲ, ಅಳತೆ ಬರೆಸಿ.

ನೀವು ಕೇಳದ ಒಂದು ಪದ ಮಾತ್ರ ಬೋರ್ಡಿನಲ್ಲಿ ಇರಲೇಬೇಕು: ‘ಒಂದೇ ಛಾಪಿನ’. ಹಳೆ ಹಂಚಿನ ಮೇಲೆ ಕಾರ್ಖಾನೆಯ ಛಾಪು ಒತ್ತಿರುತ್ತದೆ. ಎಲ್ಲವೂ ಮಂಗಳೂರು ಹಂಚೇ ಆದರೂ ಒಂದು ಕಾರ್ಖಾನೆಯ ಅಂಚಿನ ಗಾಡಿ ಇನ್ನೊಂದರದಕ್ಕೆ ಕೂರುವುದಿಲ್ಲ. ನಾಲ್ಕು ಮನೆಯದು ಬೆರೆಸಿ ಹೊದೆಸಿದರೆ ಸಂದಿ ಬಾಯಿ ಬಿಟ್ಟು, ಗಾಳಿಮಳೆಗೆ ನೀರು ಒಳಗೆ ಹೊಡೆಯುತ್ತದೆ. ಬೆರೆಸಲೇಬೇಕಾದರೆ ಒಂದು ಇಳಿಜಾರಿಗೆ ಒಂದು ಛಾಪು, ಇನ್ನೊಂದಕ್ಕೆ ಇನ್ನೊಂದು.

ರೀಪಿನ ಅಂತರವನ್ನೂ ಪುಸ್ತಕ ನೋಡಿ ಹೊಡೆಯಬೇಡಿ. ಬಂದ ಹಂಚಿನಲ್ಲೇ 11 ತೆಗೆದು, ಸಮನೆಲದ ಮೇಲೆ ಮಗುಚಿ ಒಂದಕ್ಕೊಂದು ಕಚ್ಚಿಸಿ. ಪೂರ್ತಿ ಎಳೆದು ಮೊದಲ ಮೂಗಿನಿಂದ ಕೊನೆಯ ಮೂಗಿಗೆ ಅಳೆಯಿರಿ, ಪೂರ್ತಿ ಒತ್ತಿ ಮತ್ತೆ ಅಳೆಯಿರಿ. ಎರಡರ ಸರಾಸರಿಯನ್ನು 10ರಿಂದ ಭಾಗಿಸಿ. ಎಳೆದಾಗ 3250, ಒತ್ತಿದಾಗ 3130 ಮಿಲಿಮೀಟರ್ ಬಂದರೆ ಅಂತರ 319, ಅಂದರೆ ಹನ್ನೆರಡೂವರೆ ಇಂಚು. ಸೂರಿನ ಮೊದಲ ರೀಪು ಮಾತ್ರ ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರವಿರಲಿ. ಅದರ ಕೆಳಗೆ ಎತ್ತಿ ಹಿಡಿಯಲು ಇನ್ನೊಂದು ಸಾಲು ಇರುವುದಿಲ್ಲವಲ್ಲ, ಸಮ ಹೊಡೆದರೆ ಮೊದಲ ಸಾಲು ಮೂತಿ ಇಳಿಬಿಡುತ್ತದೆ.

ಸಾಗರದಿಂದ

ಉಪಕಾರವಾಯಿತು. ಲೆಕ್ಕ ಹೀಗೆ ಹಾಕಿದ್ದೇವೆ. ಎರಡೂ ಇಳಿಜಾರು ಸೇರಿ 720 ಚದರಡಿ, 100 ಚದರಡಿಗೆ 150ರಂತೆ 1080, ಒಡೆಯುವುದಕ್ಕೆ ಸೇರಿಸಿ 1200 ಹಂಚು. ರೀಪು ಒಂದು ಇಳಿಜಾರಿಗೆ 13 ಸಾಲು, ಒಟ್ಟು 780 ಅಡಿ. ಪಕಾಸು 2 ಅಡಿಗೊಂದರಂತೆ 32. ಬೋರ್ಡು:

‘ಹಳೆ ಮನೆ ಕಳಚುತ್ತಿದ್ದೀರಾ? ನಮಗೆ ಬೇಕು: ಮಂಗಳೂರು ಹಂಚು 1200 (ಒಂದೇ ಛಾಪಿನವು), ನೆತ್ತಿಗೆ ಕವುಚುವ ಹಂಚು 32, ಪಕಾಸು 32, ರೀಪು 780 ಅಡಿ, ಗೋಡೆ ಸಂದಿನ ತಗಡು 12 ಇಂಚು ಅಗಲ.’

ಮೈಸೂರಿನಿಂದ

‘ಹಂಚು’ ಅಲ್ಲ, ‘ಹೆಂಚು’. ಹಂಚು ಎಂದರೆ ಪಾಲು ಮಾಡು. ರೀಪು ಬರೆಯುವುದೇ ಆದರೆ ನನ್ನ ಹೆಸರನ್ನು ಈ ಚರ್ಚೆಯಲ್ಲಿ ಒಪ್ಪಿದವರ ಪಟ್ಟಿಗೆ ಸೇರಿಸಬೇಡಿ.

ಮಂಗಳೂರಿನಿಂದ

ಎರಡು ರೂಪವೂ ಇವೆ. ಆ ಕಡೆ ಆಡುವುದನ್ನೇ ಬರೆಸಿ.

ತೀರ್ಥಹಳ್ಳಿಯಿಂದ

ರೀಪಿಗೆ ‘6 ಅಡಿಗಿಂತ ಗಿಡ್ಡ ಬೇಡ’ ಸೇರಿಸಿ. ಎರಡು ತುಂಡು ಕೂಡುವುದು ಪಕಾಸಿನ ಮೇಲೆಯೇ ಆಗಬೇಕು. 2 ಅಡಿ ಅಂತರಕ್ಕೆ 6 ಅಡಿ ತುಂಡು ಮೂರು ಅಂತರ ದಾಟುತ್ತದೆ, ಮೂರು ಅಡಿಯದು ಬಂದರೆ ಒಂದು ಅಡಿ ಸೌದೆ. ಕುಟ್ಟೆ ಹುಳ ಹಿಡಿದ ತುಂಡು ಪುಕ್ಕಟೆಯಾದರೂ ಬೇಡ. ಉಳಿದದ್ದನ್ನು ಮಿಲ್ಲಿನಲ್ಲಿ ಕೊಯ್ಸುವಾಗ ಅವರು ಘನ ಅಡಿ ಕೇಳುತ್ತಾರೆ. 780 ಅಡಿ 2×1 ಎಂದರೆ ಹತ್ತಿರ ಹತ್ತಿರ 11 ಘನ ಅಡಿ, ಗರಗಸ ತಿನ್ನುವುದು ಬೇರೆ.