ಸ್ಟರ್ನ್ ಡ್ರೈವಿನ ಬಳಿ ನೀರು ಸೋರುತ್ತಿದೆ: ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ, ಅಟ್ಲಾಂಟಾ ಸಮೀಪದ ಲೇನಿಯರ್ ಸರೋವರದಿಂದ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ 1998ರ ಮಾದರಿಯ, 19 ಅಡಿ ಉದ್ದದ ಹಳೆಯ ಮೋಟಾರ್ ಬೋಟೊಂದನ್ನು ಕೊಂಡಿದ್ದೇನೆ. ಒಳಗೆ 4.3 ಲೀಟರ್ ವಿ6 ಎಂಜಿನ್, ಹಿಂಬದಿಯಲ್ಲಿ ಆಲ್ಫಾ ಒನ್ ಎರಡನೆಯ ತಲೆಮಾರಿನ ಸ್ಟರ್ನ್ ಡ್ರೈವ್, ಅಂದರೆ ಒಳಗಿನ ಎಂಜಿನ್ನಿನ ಶಕ್ತಿಯಿಂದ ಪ್ರೊಪೆಲ್ಲರ್ ತಿರುಗಿಸುವ, ಹಿಂಗೋಡೆಯ ಹೊರಗಿನ ಘಟಕ. ಮನೆಯಂಗಳದಲ್ಲಿ ಟ್ರೇಲರ್ ಮೇಲೆಯೇ ನಿಲ್ಲಿಸಿ, ಡ್ರೈವಿನ ನೀರು ಹೀರುವ ಕಿಂಡಿಗಳಿಗೆ ಇಯರ್‌ಮಫ್ ಎಂಬ ರಬ್ಬರ್ ಬಟ್ಟಲುಗಳನ್ನು ಸಿಕ್ಕಿಸಿ, ತೋಟದ ಪೈಪಿನ ನೀರಿನಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿದರೂ ಬಿಲ್ಜಿನಲ್ಲಿ, ಅಂದರೆ ಬೋಟಿನ ಒಳತಳದಲ್ಲಿ, ಒಂದು ಹನಿ ಕಾಣುವುದಿಲ್ಲ. ಆದರೆ ಸರೋವರಕ್ಕಿಳಿಸಿ ನಾಲ್ಕು ಗಂಟೆ ಕಟ್ಟಿಹಾಕಿದರೆ, ಎಂಜಿನ್ ಮುಟ್ಟದೇ ಇದ್ದರೂ ಎರಡು ಬಕೆಟ್ ನೀರು ತುಂಬಿರುತ್ತದೆ. ತಳದ ಡ್ರೈನ್ ಪ್ಲಗ್ ಹೊಸದು. ದುರಸ್ತಿಯವರೊಬ್ಬರು ಬೋಟನ್ನು ನೋಡದೆ ಫೋನಿನಲ್ಲಿಯೇ, ಎಂಜಿನ್ ಹೊರತೆಗೆದು ಟ್ರಾನ್ಸಂ (ಬೋಟಿನ ಹಿಂಗೋಡೆ) ಜೋಡಣೆಯನ್ನೆಲ್ಲ ಬಿಚ್ಚಬೇಕೆಂದು ಹೇಳಿಬಿಟ್ಟರು. ಅಷ್ಟು ದೂರ ಹೋಗುವ ಮೊದಲು, ಈ ಕೆಲಸವನ್ನು ಸ್ವತಃ ಮಾಡಿದವರ ಅನುಭವ ತಿಳಿಯಬೇಕಾಗಿದೆ.

ಉತ್ತರ, ಡೆಟ್ರಾಯಿಟ್ ಹತ್ತಿರದ ಸೇಂಟ್ ಕ್ಲೇರ್ ಸರೋವರದಿಂದ

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಇಯರ್‌ಮಫ್‌ನಿಂದ ಕೊಟ್ಟ ನೀರು ಡ್ರೈವಿನ ಒಳದಾರಿಯಲ್ಲಿ ಹರಿದು ಎಂಜಿನ್ನಿಗೆ ಹೋಗುತ್ತದೆಯೇ ಹೊರತು, ಬೋಟಿನ ಹಿಂಗೋಡೆಯ ಹೊರಗಿರುವ ರಬ್ಬರ್ ಭಾಗಗಳನ್ನು ಮುಳುಗಿಸುವುದಿಲ್ಲ. ಆದ್ದರಿಂದ ಅಂಗಳದಲ್ಲಿ ಒಣಗಿದ್ದು ಸರೋವರದಲ್ಲಿ ಸೋರುವ ಬೋಟಿನಲ್ಲಿ ತಂಪುಗೊಳಿಸುವ ನೀರಿನ ಹೋಸು, ಪಂಪು, ಎಂಜಿನ್ನಿನ ಹಿತ್ತಾಳೆ ಪ್ಲಗ್ಗುಗಳ ಮೇಲಿನ ಅನುಮಾನವನ್ನು ಬಹುಮಟ್ಟಿಗೆ ಬಿಡಬಹುದು. ಉಳಿಯುವುದು ನೀರಿನ ಮಟ್ಟದ ಕೆಳಗಿನ ಹೊರಭಾಗ.

ಅಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಮೂರು ರಬ್ಬರ್ ಬೆಲ್ಲೋಸ್‌ಗಳಿವೆ. ದೊಡ್ಡದು ಎಂಜಿನ್ನಿನ ಶಕ್ತಿಯನ್ನು ಡ್ರೈವಿಗೆ ಒಯ್ಯುವ ಯೂನಿವರ್ಸಲ್ ಜಾಯಿಂಟುಗಳನ್ನು ಮುಚ್ಚಿರುತ್ತದೆ. ಅದರ ಕೆಳಗಿನದು ಹೊಗೆ ಹೋಗುವ ದಾರಿಯದು. ಮೂರನೆಯದು, ಹೆಬ್ಬೆರಳಿನಷ್ಟು ದಪ್ಪದ್ದು, ಗೇರ್ ಬದಲಿಸುವ ಶಿಫ್ಟ್ ಕೇಬಲ್ಲಿನದು. ಹೊಗೆಯ ಬೆಲ್ಲೋಸ್ ಹರಿದರೆ ಸದ್ದು ಬದಲಾಗಬಹುದೇ ಹೊರತು ಅದರಿಂದ ಬೋಟಿನೊಳಗೆ ನೀರು ಬರುವುದಿಲ್ಲ, ಆದರೆ ಅತಿ ಸುಲಭವಾಗಿ ಕಣ್ಣಿಗೆ ಬೀಳುವ ಹರಕು ಅದೇ ಆಗಿರುವುದರಿಂದ ಅದನ್ನೊಂದನ್ನೇ ಬದಲಿಸಿ ಕೆಲಸ ಮುಗಿಯಿತೆಂದುಕೊಂಡವರಲ್ಲಿ ನಾನೂ ಒಬ್ಬ. ಉಳಿದೆರಡರಲ್ಲಿ ಯಾವುದು ತೂತಾದರೂ ಕಟ್ಟಿಹಾಕಿದ ಬೋಟನ್ನು ಮುಳುಗಿಸುವ ಸಾಮರ್ಥ್ಯ ಅದಕ್ಕಿದೆ.

ಯಾವುದೆಂದು ತಿಳಿಯಲು ನಾನು ಮಾಡಿದ್ದು ಇಷ್ಟು. ಬಿಲ್ಜನ್ನು ಪೂರ್ತಿ ಒರೆಸಿ, ಹಿಂಗೋಡೆಯ ಒಳಮೈಗೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿದೆ. ಟ್ರೇಲರ್ ಪಟ್ಟಿಯನ್ನು ಬಿಚ್ಚದೆ ಇಳಿಜಾರಿನಲ್ಲಿ ಬೋಟಿನ ಹಿಂಭಾಗವನ್ನು ಮಾತ್ರ ಮುಳುಗಿಸಿ, ಟಾರ್ಚ್ ಹಿಡಿದು ಒಳಗೆ ಕುಳಿತೆ. ನೀರು ಎಂಜಿನ್ನಿನ ಹಿಂದೆ, ಫ್ಲೈವೀಲ್ ಕವಚದ ನಡುಭಾಗದಿಂದ ತೊಟ್ಟಿಕ್ಕಿದರೆ ದೊಡ್ಡ ಬೆಲ್ಲೋಸ್ ತುಂಬಿ, ಹಿಂಗೋಡೆಯಲ್ಲಿ ಡ್ರೈವಿನ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗನ್ನು ದಾಟಿ ಬರುತ್ತಿದೆ ಎಂದರ್ಥ. ಶಿಫ್ಟ್ ಕೇಬಲ್ ಒಳನುಗ್ಗುವ ಜಾಗದಿಂದ ಪೌಡರಿನ ಮೇಲೆ ಗೆರೆ ಮೂಡಿದರೆ ಚಿಕ್ಕದು. ಟ್ರಾನ್ಸಂ ತಟ್ಟೆಯ ಅಂಚಿನುದ್ದಕ್ಕೂ ಒದ್ದೆಯಾದರೆ ಮಾತ್ರ ನಿಮ್ಮ ದುರಸ್ತಿಯವರ ಮಾತು ನಿಜವಾಗುತ್ತದೆ. ಆತುರ ಬೇಡ, ದೊಡ್ಡ ಬೆಲ್ಲೋಸ್ ತುಂಬಿ ಒಳಕ್ಕೆ ತುಳುಕಲು ಹೊತ್ತು ಹಿಡಿಯುತ್ತದೆ. ನನಗೆ ಮೊದಲ ಹನಿ ಕಂಡದ್ದು ನಲವತ್ತು ನಿಮಿಷದ ಮೇಲೆ.

ಉತ್ತರ, ದುಬೈಯಿಂದ, ಮೂಲತಃ ಉಡುಪಿಯ ಕಡೆಯವರು

ಹದಿನಾಲ್ಕು ವರ್ಷಗಳಿಂದ ಇಲ್ಲಿ ಇದೇ ಕೆಲಸ ಮಾಡುತ್ತಿರುವುದರಿಂದ, ಬಿಚ್ಚುವ ವಿಚಾರದಲ್ಲಿ ಕೆಲವು ಮಾತು ಹೇಳಬಹುದು. ಮೇಲೆ ಬರೆದವರು ಸೋರುವ ಜಾಗ ಹುಡುಕುವ ಬಗೆಯನ್ನು ಸರಿಯಾಗಿಯೇ ಹೇಳಿದ್ದಾರೆ. ಒಂದನ್ನು ಸೇರಿಸುತ್ತೇನೆ: ಅಂಗಳದಲ್ಲಿಯೂ ಸೋರುವ ಬೋಟಾಗಿದ್ದರೆ ನಾನು ಮೊದಲು ಡ್ರೈವಿಗೂ ಅದು ಬಂದು ಕೂರುವ ಬೆಲ್ ಹೌಸಿಂಗ್ ಎಂಬ ಕವಚಕ್ಕೂ ನಡುವಿನ ಗ್ಯಾಸ್ಕೆಟ್ ಮತ್ತು ನೀರಿನ ದಾರಿಯ ರಬ್ಬರ್ ಸೀಲನ್ನು ನೋಡುತ್ತಿದ್ದೆ, ಏಕೆಂದರೆ ಉಪ್ಪು ನೀರಿನಲ್ಲಿ ಆ ಅಲ್ಯೂಮಿನಿಯಂ ಮುಖ ಕೊರೆದುಹೋಗಿ ತಂಪಿನ ನೀರೇ ಬೆಲ್ಲೋಸಿನೊಳಕ್ಕೆ ಸೋರುವುದುಂಟು. ನಿಮ್ಮದು ಸಿಹಿನೀರು, ಆ ಚಿಂತೆ ಕಡಿಮೆ. ಇಲ್ಲಿ ಬಾರ್ನಕಲ್ ಚಿಪ್ಪುಗಳು ಬೆಲ್ಲೋಸಿನ ಮಡಿಕೆಯೊಳಗೆ ಬೆಳೆದು, ಡ್ರೈವನ್ನು ತಿರುಗಿಸಿದಾಗ ರಬ್ಬರನ್ನು ಬ್ಲೇಡಿನಂತೆ ಕೊಯ್ಯುತ್ತವೆ, ಆ ಕಾಟವೂ ನಿಮಗಿಲ್ಲ.

ಆಲ್ಫಾ ಡ್ರೈವನ್ನು ಕಳಚುವ ಮುನ್ನ ಗೇರನ್ನು ಮುಂದಕ್ಕೆ ಹಾಕಿಡಬೇಕು, ಮರಳಿ ಕೂರಿಸುವಾಗಲೂ ಹಾಗೆಯೇ. ಬ್ರಾವೋ ಎಂಬ ಇನ್ನೊಂದು ಡ್ರೈವ್ ಮಾದರಿಯಲ್ಲಿ ಇದು ನ್ಯೂಟ್ರಲ್, ಎರಡನ್ನೂ ಬೆರೆಸಿಕೊಳ್ಳಬೇಡಿ. ಡ್ರೈವನ್ನು ಎತ್ತಿಳಿಸುವ ಟ್ರಿಮ್ ಸಿಲಿಂಡರುಗಳ ಹಿಂತುದಿಯನ್ನು ಬಿಡಿಸಿ, ಆರು ನಟ್ಟುಗಳನ್ನು ತೆಗೆದರೆ ಡ್ರೈವ್ ಹಿಂದಕ್ಕೆ ಸರಿಯುತ್ತದೆ. ಅದು ಒಬ್ಬರೇ ತಬ್ಬಿ ಹಿಡಿಯುವಷ್ಟು ಹಗುರವಲ್ಲ, ಚೈನ್ ಬ್ಲಾಕ್ ಇಲ್ಲವೇ ಇಬ್ಬರು ಸ್ನೇಹಿತರು ಬೇಕು. ಸರಿಯುವ ಗಳಿಗೆಯಲ್ಲಿ ದೊಡ್ಡ ಬೆಲ್ಲೋಸಿನಿಂದ ತುಕ್ಕಿನ ಬಣ್ಣದ ನೀರು ಸುರಿದರೆ ಕಳ್ಳ ಸಿಕ್ಕಂತೆಯೇ. ಆಗ ಯೂನಿವರ್ಸಲ್ ಜಾಯಿಂಟುಗಳನ್ನು ಕೈಯಿಂದ ಮಡಚಿ ನೋಡಿ, ಗಿಂಬಲ್ ಬೇರಿಂಗಿನ ಒಳಬಳೆಗೆ ಬೆರಳಿಟ್ಟು ತಿರುಗಿಸಿ. ಮರಳು ಉಜ್ಜಿದಂತೆ ಅನ್ನಿಸಿದರೆ ಅದನ್ನೂ ಬದಲಿಸಬೇಕು. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಹಿಂದಿನಿಂದ ಗುರ್ರೆಂಬ ಸದ್ದು ಬರುತ್ತಿದ್ದರೆ ಆ ಬೇರಿಂಗು ಆಗಲೇ ನೀರು ಕುಡಿದಿರುತ್ತದೆ.

ಬೆಲ್ಲೋಸ್ ಬದಲಿಸಲು ಬೆಲ್ ಹೌಸಿಂಗನ್ನೂ ಇಳಿಸಬೇಕು. ಅದರ ಹಿಂಜ್ ಪಿನ್ನುಗಳಿಗೆ ಬೇರೆಯದೇ ಸಾಕೆಟ್ ಇದೆ. ಕೈಗೆ ಸಿಕ್ಕಿದ ಅಲೆನ್ ಕೀಲಿಯಿಂದ ತಿರುಗಿಸಲು ಹೋಗಿ ಪಿನ್ನಿನ ಮೂಲೆ ಸವೆಸಿಕೊಂಡವರ ಬೋಟುಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ಕೂರಿಸುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಹಳೆಯ ಅಂಟಿನ ವಿಷಯದಲ್ಲಿ. ಲೋಹದ ಕಂಠದ ಮೇಲಿನ ಹಳೆಯ ಅಂಟು, ಬಿಳಿಯ ತುಕ್ಕು ಎಲ್ಲವೂ ಹೋಗುವ ತನಕ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಬೆಲ್ಲೋಸಿಗಾಗಿಯೇ ಇರುವ ಅಂಟನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಸುಮಾರು ಹತ್ತು ನಿಮಿಷ, ತಾಳ್ಮೆಯಿಂದ ಕಾಯಬೇಕು. ಹಸಿಯಲ್ಲಿಯೇ ಏರಿಸಿದರೆ ಕ್ಲಾಂಪ್ ಬಿಗಿಯುವಾಗ ಬೆಲ್ಲೋಸ್ ಜಾರುತ್ತದೆ, ಜಾರಿದ್ದು ಹೊರಗಿನಿಂದ ಕಾಣುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಸಿಲಿಕೋನ್ ಬಳಸಬೇಡಿ.

ಡ್ರೈವನ್ನು ಮರಳಿ ಏರಿಸುವ ಮೊದಲು ಅಲೈನ್‌ಮೆಂಟ್ ಬಾರನ್ನು, ಅಂದರೆ ನೇರ ನೋಡುವ ಸರಳನ್ನು, ಗಿಂಬಲ್ ಬೇರಿಂಗಿನ ಮೂಲಕ ಎಂಜಿನ್ ಕಪ್ಲರಿಗೆ ತೂರಿಸಿ ನೋಡಲೇಬೇಕು. ಎರಡು ಬೆರಳಿನ ಬಲಕ್ಕೆ ಅದು ಸರಾಗವಾಗಿ ಹೋಗಿ ಬರಬೇಕು, ಬಿಗಿಯೆನಿಸಿದರೆ ಎಂಜಿನ್ನಿನ ಮುಂಗಾಲುಗಳ ಎತ್ತರ ಹೊಂದಿಸಬೇಕು. ಆರು ನಟ್ಟುಗಳಿಗೆ ಟಾರ್ಕ್ 68 ನ್ಯೂಟನ್ ಮೀಟರ್. ಕೊನೆಗೆ ಡ್ರೈವನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಪೂರ್ತಿ ಚಲಿಸಿ, ಬೆಲ್ಲೋಸ್ ಎಲ್ಲಿಯೂ ಚಿವುಟಿಕೊಳ್ಳುತ್ತಿಲ್ಲವೆಂದು ಕಣ್ಣಾರೆ ನೋಡಿ.

ಉತ್ತರ, ಸ್ವೀಡನ್ನಿನ ಯೋತೆಬೊರಿಯಿಂದ

ಸ್ಟರ್ನ್ ಡ್ರೈವನ್ನು 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವೋಲ್ವೊ ಪೆಂಟಾದ ಊರಿನಲ್ಲಿದ್ದೇನೆ, ಆದರೂ ನನ್ನ ಅನುಭವ ಮೇಲಿನವರಿಗಿಂತ ಬಹಳ ಕಡಿಮೆ. ಇಲ್ಲಿಯ ಹಳೆಯ ದೋಣಿಗಾರರು ಒಂದು ಮಾತನ್ನು ಒತ್ತಿ ಹೇಳುತ್ತಾರೆ: ಬೆಲ್ಲೋಸನ್ನು ಹರಿಯುವ ತನಕ ಕಾಯಬಾರದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಿಮ್ಮ ಸಿಹಿನೀರಿನಲ್ಲಿ ಇನ್ನೂ ತುಸು ಹೆಚ್ಚು ಬಾಳಬಹುದು. ಬೋಟನ್ನು ನಿಲ್ಲಿಸಿಡುವಾಗ ಡ್ರೈವನ್ನು ಕೆಳಗಿಳಿಸಿಯೇ ಇಡಬೇಕು. ಎತ್ತಿಟ್ಟರೆ ಮಡಿಕೆಗಳು ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಹಿಗ್ಗಿ ಕುಗ್ಗಿ ಅಲ್ಲಿಯೇ ಬಿರಿಯುತ್ತವೆ.

ಗೇರ್ ಆಯಿಲನ್ನೂ ನೋಡಿ. ಬಿಲ್ಜಿಗೆ ಬರುವ ನೀರು ಬೇರೆ, ಡ್ರೈವಿನ ಗೇರುಗಳಿಗೆ ಸೇರುವ ನೀರು ಬೇರೆ. ಆದರೆ ತುಂಬಿದ ಬೆಲ್ಲೋಸಿನಿಂದ ಮೇಲಿನ ಸೀಲ್ ದಾಟಿ ಎರಡನೆಯದೂ ಆಗಬಹುದು. ಒಂದು ದಿನ ಬೋಟನ್ನು ಅಲ್ಲಾಡಿಸದೆ ಬಿಟ್ಟು, ತಳದ ತಿರುಪನ್ನು ತುಸು ಸಡಿಲಿಸಿದರೆ ನೀರಿದ್ದಲ್ಲಿ ಅದೇ ಮೊದಲು ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಸೀಲುಗಳನ್ನು ಒತ್ತಡದ ಗಾಳಿಯಿಂದ ಪರೀಕ್ಷಿಸಬೇಕು. ನಮ್ಮಲ್ಲಿ ಚಳಿಗಾಲಕ್ಕೆ ಮುಂಚೆ ಇದನ್ನು ಮರೆತವರ ಡ್ರೈವಿನ ಕವಚವೇ ಹಿಮಕ್ಕೆ ಸೀಳಿದ್ದನ್ನು ಕಂಡಿದ್ದೇನೆ.

ಮರಳಿ ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಮೂವರಿಗೂ ಧನ್ಯವಾದಗಳು. ಪೌಡರ್ ಉದುರಿಸಿ ಕುಳಿತ ಹದಿನೈದೇ ನಿಮಿಷಕ್ಕೆ ಶಿಫ್ಟ್ ಕೇಬಲ್ಲಿನ ಕೆಳಗೆ ಗೆರೆ ಮೂಡಿತು. ಟ್ರಾನ್ಸಂ ಅಂಚು ಪೂರ್ತಿ ಒಣಗಿತ್ತು. ಡ್ರೈವ್ ಕಳಚಿದಾಗ ಚಿಕ್ಕ ಬೆಲ್ಲೋಸಿನ ಮಡಿಕೆಯೊಂದರಲ್ಲಿ ಕಿರುಬೆರಳುದ್ದದ ಬಿರುಕಿತ್ತು. ಹಿಂದಿನ ಮಾಲೀಕರೂ, ಅವರನ್ನು ನೋಡಿ ನಾನೂ ಡ್ರೈವನ್ನು ಎತ್ತಿಯೇ ಇಡುತ್ತಿದ್ದೆವು. ದೊಡ್ಡ ಬೆಲ್ಲೋಸ್ ಒಳಗೆ ಒಣಗಿದ್ದರೂ ಮೇಲೆ ಕೂದಲೆಳೆಯಂಥ ಬಿರುಕುಗಳಿದ್ದುದರಿಂದ ಮೂರನ್ನೂ, ಜೊತೆಗೆ ಶಿಫ್ಟ್ ಕೇಬಲ್ಲನ್ನೂ ಬದಲಿಸಿದೆ. ಹಿಂಜ್ ಪಿನ್ನಿನ ಸಾಕೆಟ್ ಬರಲು ಒಂದು ವಾರ ಕಾದದ್ದು ಸಾರ್ಥಕವಾಯಿತು, ಎರಡೂ ಪಿನ್ನುಗಳು ಹಟ ಮಾಡದೆ ಬಂದವು. ಗೇರ್ ಆಯಿಲ್ ತಿಳಿಯಾಗಿದೆ. ನಿನ್ನೆ ಐದು ಗಂಟೆ ಬೋಟನ್ನು ನೀರಿನಲ್ಲಿ ಬಿಟ್ಟಿದ್ದೆ, ಬಿಲ್ಜಿನಲ್ಲಿ ಹಾಸಿದ್ದ ಪತ್ರಿಕೆಯನ್ನು ತೆಗೆದು ಓದುವಂತಿತ್ತು. ಹೊಸ ಕೇಬಲ್ಲಿನಲ್ಲಿ ಹಿಮ್ಮುಖ ಗೇರಿಗೆ ಹಾಕುವಾಗ ಮಾತ್ರ ಲಿವರ್ ತುಸು ಬಿಗಿಯಾಗಿದೆ, ಮುಂದಿನ ಶನಿವಾರ ಅದರ ಹೊಂದಾಣಿಕೆಯನ್ನು ಮತ್ತೊಮ್ಮೆ ನೋಡುತ್ತೇನೆ.